ಕರ್ಚೀಫು ಹಾಕಿದ ಸೀಟು

ನಮ್ಮ ಭಾವನ ಲೆಕ್ಕದಲ್ಲಿ ಪ್ರಪಂಚದಲ್ಲಿ ಇರುವುದು ಎರಡೇ ಥರದ ಜನ: ಕೂತವರು, ನಿಂತವರು. ಮಿಕ್ಕಿದ್ದೆಲ್ಲ ಬಾಯಿಮಾತು ಅನ್ನುತ್ತಿದ್ದರು. ಬಸ್ಸಿನ ಸೀಟು ಹೊಲಿದು ಹೊಟ್ಟೆ ಹೊರೆಯುವ ಮನುಷ್ಯ ಬೇರೆ ಏನು ತಾನೇ ಹೇಳಿಯಾರು? ಡಿಪೋದ ಹಿಂಗೋಡೆಗೆ ಒತ್ತಿಕೊಂಡು ತಗಡಿನ ಮಾಡಿನ ಒಂದು ಶೆಡ್ಡು, ಅದೇ ಅವರ ಸಾಮ್ರಾಜ್ಯ. ಹರಿದ ಸೀಟುಗಳನ್ನು ಬಸ್ಸಿನಿಂದ ಬಿಚ್ಚಿ ತಂದು ಅಲ್ಲಿ ಸುರಿಯುತ್ತಾರೆ. ಭಾವ ಹಳೆಯ ರೆಕ್ಸಿನ್ನು ಸುಲಿಯುತ್ತಾರೆ, ಇಕ್ಕಳದಿಂದ ಪಿನ್ನು ಕೀಳುತ್ತಾರೆ, ಕುಸಿದ ಫೋಮು ಬಿಸಾಕಿ ಹೊಸದು ಕೂರಿಸುತ್ತಾರೆ, ಅಂಚಿಗೆ ಪೈಪಿಂಗ್ ಕೊಟ್ಟು ಹೊಲಿದ ಹೊಸ ಹೊದಿಕೆಯನ್ನು ಹಲ್ಲು ಕಚ್ಚಿ ಎಳೆದು ತೊಡಿಸುತ್ತಾರೆ. "ರೆಕ್ಸಿನ್ನು ಸಡಿಲ ಬಿಟ್ರೆ ಸೀಟು ಕೆಡುತ್ತೆ, ನಾಲಿಗೆ ಸಡಿಲ ಬಿಟ್ರೆ ಮನೆ ಕೆಡುತ್ತೆ" ಎನ್ನುವುದು ಅವರ ಮಾತು. ಹೇಳುವವರ ನಾಲಿಗೆ ಮಾತ್ರ ಯಾವತ್ತೂ ಬಿಗಿಯಾಗಿದ್ದಿಲ್ಲ.

ಡಿಪೋ ಗೇಟಿನ ಪಕ್ಕದ ಕ್ಯಾಂಟೀನು ನನ್ನದು. ಅಕ್ಕನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಹಗಲೆಲ್ಲ ಹಬೆಯಲ್ಲಿ ಬೆಂದು ಸಂಜೆ ಮನೆಗೆ ಬರುತ್ತಾಳೆ. ಹಾಗಾಗಿ ಭಾವನ ಚಹಾ, ಭಾವನ ಹರಟೆ, ಭಾವನ ಮಗಳು ಮೂರೂ ನನ್ನ ಪಾಲಿಗೇ ಬಂದಿದ್ದವು. ಮಗಳನ್ನು ಎಲ್ಲರೂ ಕರೆಯುವುದು ಗುಬ್ಬಿ ಅಂತ. ಹುಟ್ಟಿದಾಗ ಅಷ್ಟೇ ಇದ್ದಳಂತೆ. ಈಗ ನನಗಿಂತ ಎತ್ತರ, ಆದರೂ ಹೆಸರು ಬಿಟ್ಟುಹೋಗಿಲ್ಲ.

ಗುಬ್ಬಿ ಬೆಳೆದದ್ದು ಶೆಡ್ಡಿನಲ್ಲೇ. ಚಿಕ್ಕವಳಿದ್ದಾಗ ಪಿನ್ನು ಕೀಳುವುದು ಅವಳ ಕೆಲಸ. ಆಮೇಲೆ ಎರಡನೇ ಹೊಲಿಗೆ ಯಂತ್ರದಲ್ಲಿ ಕೂತಳು. ಅದು ದಪ್ಪ ರೆಕ್ಸಿನ್ ಹೊಲಿಯುವ ಭಾರೀ ಯಂತ್ರ, ಎತ್ತಬೇಕಾದರೆ ನಾಲ್ಕು ಜನ ಬೇಕು. ಶಾಲೆ ಬಿಟ್ಟವಳೇ ಬಂದು ಪುಸ್ತಕವನ್ನು ಯಂತ್ರದ ಕತ್ತಿಗೆ ಒರಗಿಸಿ, ಒಂದು ಕಣ್ಣು ಪಾಠದ ಮೇಲೆ, ಒಂದು ಕಣ್ಣು ಸೂಜಿಯ ಮೇಲೆ ಇಟ್ಟು ಹೊಲಿಯುತ್ತಿದ್ದಳು. ಒಂದು ವರ್ಷ ಫೋಮು ಸಿಗದೆ ಪರದಾಡುವಂತಾದಾಗ, ನೆಲದ ಮೇಲೆಲ್ಲ ಸೀಮೆಸುಣ್ಣದಲ್ಲಿ ಗೀಚಿ, ಒಂದು ಹಾಳೆಯನ್ನು ಹೇಗೆ ಕೊಯ್ದರೆ ಕತ್ತರಿಸಿ ಉಳಿದ ಚೂರಿನಲ್ಲೇ ಸೀಟಿನ ತಲೆದಿಂಬೂ ಆಗುತ್ತದೆ ಅಂತ ಕಂಡುಹಿಡಿದಳು. ಭಾವ ಡಿಪೋದ ಡ್ರೈವರು, ಕಂಡಕ್ಟರು, ಕಸ ಗುಡಿಸುವವರನ್ನೂ ಬಿಡದೆ ಕರೆದು ಆ ನೆಲ ತೋರಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಾನು ರೇಗಿಸಿದೆ. ನಿಜ ಹೇಳಬೇಕೆಂದರೆ ನನಗೂ ಹೆಮ್ಮೆಯೇ ಆಗಿತ್ತು.

ಊರಾಚೆಯ ದಿಬ್ಬದ ಮೇಲೆ ಒಂದು ವಿಶ್ವವಿದ್ಯಾಲಯ. ಅದರೊಳಗೆ ಪ್ರವೇಶ ಸಿಗುವುದೆಂದರೆ ಸಾಮಾನ್ಯವಲ್ಲ, ಸಾವಿರ ಮಕ್ಕಳು ಕೇಳಿದರೆ ಬೆರಳೆಣಿಕೆಯಷ್ಟು ಜನಕ್ಕೆ ಕೊಡುತ್ತಾರೆ. ಅಂಕವಷ್ಟೇ ಸಾಲದು, ನೀನು ಯಾರು, ಏನು ಮಾಡಿದ್ದೀಯ ಅಂತ ನಿನ್ನ ಬಗ್ಗೆ ನೀನೇ ಒಂದು ಲೇಖನ ಬರೆದು ಕೊಡಬೇಕು. ಅಲ್ಲಿನ ಬಸ್ಸುಗಳ ಸೀಟು ರಿಪೇರಿಗೆ ಬರುತ್ತಿದ್ದದ್ದು ಭಾವನ ಹತ್ತಿರ. ಆ ಜಾಗ ಅವರಿಗೆ ಗೊತ್ತಿದ್ದದ್ದು ಸೀಟಿನ ಮೂಲಕ ಮಾತ್ರ. "ಆ ಮಕ್ಕಳು ಬ್ಲೇಡು ಹಾಕಲ್ಲ, ಅಂಟು ಮೆತ್ತಲ್ಲ. ಒಂದೇ ಒಂದು ಸಲ ಯಾರೋ ಸೀಟಿನ ಬೆನ್ನಿಗೆ ಪೆನ್ನಲ್ಲಿ ಗಣಿತ ಬರೆದಿದ್ರು. ಎಂಥಾ ಮಕ್ಕಳು ನೋಡು, ತುಂಟಾಟಕ್ಕೂ ಲೆಕ್ಕಾನೇ ಮಾಡ್ತಾರೆ!" ಎಂದು ಆ ರೆಕ್ಸಿನ್ ತುಂಡನ್ನು ಕತ್ತರಿಸಿ ಶೆಡ್ಡಿನ ಗೋಡೆಗೆ ಹೊಡೆದಿಟ್ಟಿದ್ದರು. ಗುಬ್ಬಿ ಅಲ್ಲಿ ಓದಬೇಕು ಅನ್ನುವ ಆಸೆ ಮೊದಲು ಹುಟ್ಟಿದ್ದು ಅವಳಿಗೋ ಅಪ್ಪನಿಗೋ, ನನಗೆ ತಿಳಿಯದು. ಹೈಸ್ಕೂಲಿನ ಕೊನೆಗೆ ಬರುವಷ್ಟರಲ್ಲಿ ಇಬ್ಬರಿಗೂ ಬೇರೆ ಮಾತೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಶಾಲೆಗೆ ಒಬ್ಬ ಸಲಹೆಗಾರ ಬಂದ. ನಾನು ಅವನಿಗಿಟ್ಟ ಹೆಸರು ಟೈ. ಆ ಸೆಕೆಯಲ್ಲೂ ಕತ್ತಿಗೆ ಟೈ ಬಿಗಿದುಕೊಂಡು ಬಂದಿದ್ದ ಪುಣ್ಯಾತ್ಮ. ಅವನು ಹೆತ್ತವರನ್ನೆಲ್ಲ ಶಾಲೆಗೆ ಕರೆದ ದಿನ ಅಕ್ಕನಿಗೆ ರಜೆ ಸಿಗಲಿಲ್ಲ, ಭಾವನ ಜೊತೆ ನಾನೇ ಹೋಗಿದ್ದೆ. ಬೇಸಿಗೆ ರಜೆಯಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಹೈಸ್ಕೂಲು ಮಕ್ಕಳಿಗೆ ಶಿಬಿರ ನಡೆಯುತ್ತದೆ, ಅಲ್ಲೇ ಹಾಸ್ಟೆಲಿನಲ್ಲಿ ಇರಬಹುದು, ಅಲ್ಲಿನ ಪ್ರೊಫೆಸರುಗಳೇ ಪಾಠ ಮಾಡುತ್ತಾರೆ, ಕೊನೆಗೆ ವಿಶ್ವವಿದ್ಯಾಲಯದ ಮೊಹರು ಇರುವ ಪ್ರಮಾಣಪತ್ರ ಸಿಗುತ್ತದೆ ಎಂದು ಪರದೆ ಮೇಲೆ ಚಿತ್ರ ತೋರಿಸುತ್ತಾ ಹೇಳಿದ. ಹಸಿರು ಹುಲ್ಲು, ಹುಲ್ಲಿನ ಮೇಲೆ ನಗುವ ಮಕ್ಕಳು. ಭಾವ ಎದ್ದು ನಿಂತರು.

"ಸರ್, ಇದಕ್ಕೆ ಹೋದ್ರೆ ಮುಂದೆ ಅಲ್ಲಿ ಸೀಟು ಗ್ಯಾರಂಟೀನಾ?"

"ಗ್ಯಾರಂಟಿ ಅಂತ ಯಾರೂ ಹೇಳೋಕಾಗಲ್ಲ ಸರ್," ಟೈ ನಕ್ಕ. "ಆದ್ರೆ ಮಗು ಅವರ ಕಣ್ಣಿಗೆ ಬೀಳುತ್ತೆ. ಅದು ಚಿಕ್ಕ ವಿಷಯ ಅಲ್ಲ."

ಅಡ್ಡಗೋಡೆ ಮೇಲೆ ದೀಪ ಇಡುವುದು ಅಂದರೆ ಇದೇ. ಬೆಳಕು ಈಚೆಗೂ ಇಲ್ಲ, ಆಚೆಗೂ ಇಲ್ಲ. ಭಾವ ಆ ಮಾತಿನ ಉತ್ತರಾರ್ಧ ಮಾತ್ರ ಕಿವಿಗೆ ಹಾಕಿಕೊಂಡು ಮನೆಗೆ ಬಂದರು.

ಶಿಬಿರಕ್ಕೆ ಹೆಸರು ಕೊಟ್ಟ ಕೆಲವೇ ದಿನಕ್ಕೆ ಗುಬ್ಬಿಯ ಫೋನಿಗೆ ಒಂದು ಸಂದೇಶ ಬಂತು: ಅಭಿನಂದನೆಗಳು, ನಿಮಗಾಗಿ ಒಂದು ಸೀಟು ಕಾದಿರಿಸಲಾಗಿದೆ. ಸೀಟು! ಆ ಒಂದು ಪದ ಭಾವನ ತಲೆ ಕೆಡಿಸಿಬಿಟ್ಟಿತು. ಕ್ಯಾಂಟೀನಿಗೆ ಓಡಿಬಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ನೋಡಮ್ಮ, ಬಸ್ಸು ಇನ್ನೂ ನಿಲ್ದಾಣಕ್ಕೆ ಬಂದು ನಿಂತಿರಲ್ಲ. ಬುದ್ಧಿ ಇರೋನು ಏನ್ಮಾಡ್ತಾನೆ? ಓಡಿಹೋಗಿ ಕಿಟಕಿಯಿಂದ ಕರ್ಚೀಫು ಎಸೀತಾನೆ. ಆಮೇಲೆ ಆರಾಮಾಗಿ ಹತ್ತಿ ಕೂತ್ಕೋತಾನೆ. ಈ ಶಿಬಿರ ಅಂದ್ರೆ ಕರ್ಚೀಫು. ತಿಳೀತಾ?"

"ಕರ್ಚೀಫು ಎತ್ತಿ ಆಚೆ ಬಿಸಾಕಿ ಕೂರೋರೂ ಇದಾರೆ ಭಾವ," ಅಂದೆ. "ದಿನಾ ನೋಡ್ತೀನಿ. ಅಲ್ಲದೆ ಇದೇ ಬಸ್ಸು ಅಲ್ಲಿಗೆ ಹೋಗುತ್ತೆ ಅಂತ ಯಾರು ಹೇಳಿದ್ರು ನಿಮಗೆ?"

"ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಲ್ವಲ್ಲ! ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ಒಳಗೆ ಕಾಲಿಟ್ಟ ಮೇಲೆ ಅವರೇ ಗುರುತಿಸ್ತಾರೆ."

ಶಿಬಿರದ ಶುಲ್ಕಕ್ಕೆ ಎರಡನೇ ಯಂತ್ರ ಮಾರಿದರು. ನಾಲ್ಕು ಜನ ಬಂದು ಹೊತ್ತುಕೊಂಡು ಹೋದರು. ಅಕ್ಕ ಮನೆಯಲ್ಲಿ ಒಂದೇ ಮಾತು ಕೇಳಿದಳಂತೆ: "ರೀ, ಅವಳಿಲ್ಲೇ ಕೂತು ಓದಿದ್ರೆ ಆಗಲ್ವಾ?" ಭಾವ, "ನಿನಗೆ ಗೊತ್ತಾಗಲ್ಲ, ಸುಮ್ನಿರು" ಅಂದರಂತೆ. ಅಕ್ಕ ಸುಮ್ಮನಾದಳು. ಆ ಮನೆಯಲ್ಲಿ ಸುಮ್ಮನಾಗುವ ಕೆಲಸ ಮೊದಲಿಂದಲೂ ಅವಳದೇ.

ಶಿಬಿರದಿಂದ ಗುಬ್ಬಿ ಮಿನುಗುತ್ತಾ ವಾಪಸು ಬಂದಳು, ಅದನ್ನು ಇಲ್ಲ ಅನ್ನಲಾರೆ. ಗ್ರಂಥಾಲಯದಲ್ಲಿ ಒಂದು ಇಡೀ ಮಹಡಿ ಬರೀ ಗಣಿತದ ಪುಸ್ತಕಗಳಂತೆ. ಒಬ್ಬ ಮೇಷ್ಟರು ಅವಳ ಪ್ರಶ್ನೆ ಕೇಳಿ ಪಾಠ ನಿಲ್ಲಿಸಿ ಐದು ನಿಮಿಷ ಯೋಚಿಸಿದರಂತೆ. ಕ್ಯಾಂಟೀನಿನ ಮೇಜಿನ ಮೇಲೆ ಮೊಣಕೈ ಊರಿ ಅವಳು ಹೇಳುತ್ತಿದ್ದರೆ ನಾನು ಚಹಾ ಉಕ್ಕಿಸಿಬಿಟ್ಟೆ. ಆದರೆ ಒಂದು ಮಾತು ನಡುವೆ ಹಾಗೇ ಬಂತು. ಪಾಠ ಮಾಡಿದವರಲ್ಲಿ ಆ ಒಬ್ಬರು ಬಿಟ್ಟರೆ ಉಳಿದವರೆಲ್ಲ ಹೊರಗಿನಿಂದ ಬಂದವರು, ರಜೆಗೆ ಮಾತ್ರ ಕೆಲಸಕ್ಕೆ ಸೇರಿದವರು. ಜೊತೆಯ ಮಕ್ಕಳೆಲ್ಲ ಕಾರಿನಲ್ಲಿ ಬಂದಿಳಿಯುವವರು, ಯಾರಿಗೂ ಯಾವ ಪರೀಕ್ಷೆಯೂ ಇರಲಿಲ್ಲ. "ಅಂದ್ರೆ ಯಾರನ್ನೂ ಬೇಡ ಅಂದೇ ಇಲ್ವಾ?" ಎಂದು ಕೇಳಿದೆ. "ಇಲ್ಲ ಚಿಕ್ಕಮ್ಮ, ಹಾಗೆ ಕಾಣಲಿಲ್ಲ" ಅಂದಳು. ಭಾವ ಪಕ್ಕದಲ್ಲೇ ಕೂತು ಬನ್ನು ತಿನ್ನುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ, ಇನ್ನೊಂದು ಬನ್ನು ಕೇಳಿದರು.

ಅದಾದ ಮೇಲೆ ಅವಳು ಶೆಡ್ಡಿಗೆ ಹೋದಾಗ ಭಾವ ಅವಳ ಕೈಯಿಂದ ದಬ್ಬಣ ಕಿತ್ತುಕೊಂಡರು. "ನೀನಿನ್ನು ಯೂನಿವರ್ಸಿಟಿ ಹುಡುಗಿ. ಈ ಅಂಟು ವಾಸನೆ ಮೈಗೆ ಹತ್ತಿಸ್ಕೋಬೇಡ, ನಡಿ ಮನೆಗೆ." ತಾವೊಬ್ಬರೇ ಕೂತು ಇಬ್ಬರ ಕೆಲಸ ಎಳೆದರು. ಇದ್ದ ಒಂದು ಯಂತ್ರ ಹಗುರದ್ದು, ದಪ್ಪ ರೆಕ್ಸಿನ್ನಿಗೆ ಸೂಜಿ ಮುರಿಯುತ್ತಿತ್ತು. ಮುರಿದಾಗಲೆಲ್ಲ ಬೈಗುಳ ನನ್ನ ಕ್ಯಾಂಟೀನಿನ ತನಕ ಕೇಳುತ್ತಿತ್ತು.

ಅರ್ಜಿ ಹಾಕುವ ಕಾಲ ಬಂತು. ತನ್ನ ಬಗ್ಗೆ ಲೇಖನ ಬರೆಯಬೇಕಲ್ಲ, ಗುಬ್ಬಿ ಮೊದಲು ಬರೆದದ್ದು ಶೆಡ್ಡಿನ ವಿಷಯ. ಸೀಟು ಸುಲಿಯುವುದು, ನೆಲದ ಮೇಲೆ ಸೀಮೆಸುಣ್ಣದ ಗೆರೆ, ಚೂರಿನಲ್ಲಿ ಹುಟ್ಟಿದ ತಲೆದಿಂಬು. ನನಗೆ ಓದಿ ಹೇಳಿದಳು. ಓದುತ್ತಾ ಓದುತ್ತಾ ಅವಳ ದನಿಯೇ ಬೇರೆಯಾಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ಈರುಳ್ಳಿ ಹೆಚ್ಚುತ್ತಿದ್ದೆ ಅಂತ ನೆಪ ಹೇಳಿದೆ. ಅಷ್ಟರಲ್ಲಿ ಭಾವ ಬಂದರು.

"ಇದೇನಿದು? ಇಷ್ಟು ಕಷ್ಟಪಟ್ಟು ಅಲ್ಲಿಗೆ ಕಳಿಸಿ, ನೀನು ರೆಕ್ಸಿನ್ನು ಫೋಮು ಅಂತ ಬರೀತಾ ಕೂತಿದೀಯಾ?"

"ಅಪ್ಪಾ, ನಾನು ಮಾಡಿರೋದು ಇದೇ ಅಲ್ವಾ?"

"ಸೀಟು ಹೊಲಿಯೋನ ಮಗಳು ಅಂತ ಬರೆದ್ರೆ ಸೀಟು ಕೊಡ್ತಾರಾ? ಅಲ್ಲಿರೋರೆಲ್ಲ ಏನಂದ್ಕೋತಾರೆ? ಶಿಬಿರದ ವಿಷಯ ಬರಿ. ನಿಮ್ಮನೇಲೇ ಇದ್ದು ಬಂದೋಳು ನಾನು ಅಂತ ಬರಿ. ಗುರುತು ಹಿಡೀಲಿ."

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯಿತು. ನಾನು ಬಾಯಿ ಹಾಕಿದೆ. "ಭಾವ, ಇದು ಚೆನ್ನಾಗಿದೆ, ಇರಲಿ ಬಿಡಿ" ಅಂದೆ. ನನ್ನ ಮಾತಿಗೆ ಅಲ್ಲಿ ಎಷ್ಟು ಬೆಲೆ? ಗುಬ್ಬಿ ಟೈಗೆ ಫೋನು ಮಾಡಿದಳು. ಅವನೂ, ಶಿಬಿರ ಬರೆದರೆ ತೂಕ ಬರುತ್ತೆ ಅಂದ. ಅವಳು ಶೆಡ್ಡನ್ನು ಅಳಿಸಿ ಗ್ರಂಥಾಲಯವನ್ನು, ಹಸಿರು ಹುಲ್ಲನ್ನು, ಪ್ರೊಫೆಸರುಗಳ ಸ್ಫೂರ್ತಿಯನ್ನು ಬರೆದಳು. ಶೆಡ್ಡಿನ ಒಂದು ಪದವೂ ಉಳಿಯಲಿಲ್ಲ. ಅದನ್ನೂ ನನಗೆ ಓದಿ ಹೇಳಿದಳು. ಚೆನ್ನಾಗಿದೆ ಅಂದೆ, ಇನ್ನೇನು ಹೇಳಲಿ?

ಅರ್ಜಿ ಕಳಿಸಿದ ಮೇಲೆ ಒಂದು ಭಾನುವಾರ ಅರ್ಜಿ ಹಾಕಿದ ಮಕ್ಕಳನ್ನೂ ಮನೆಯವರನ್ನೂ ವಿಶ್ವವಿದ್ಯಾಲಯ ಕರೆಯಿತು. ಸುತ್ತಾಡಿ ನೋಡಬಹುದು, ಪ್ರಶ್ನೆ ಕೇಳಬಹುದು ಅಂತ. ಆಸ್ಪತ್ರೆಗೆ ಭಾನುವಾರ ಎಲ್ಲಿಂದ ಬರಬೇಕು, ಅಕ್ಕ ಬರಲಿಲ್ಲ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಗುರಿನ ಸಂದಿಯ ಅಂಟನ್ನು ಸೀಮೆಎಣ್ಣೆ ಹಚ್ಚಿ ತಿಕ್ಕಿಕೊಂಡು ಬಂದಿದ್ದರು. ದೊಡ್ಡ ಸಭಾಂಗಣ. ಕೂತ ತಕ್ಷಣ ಕುರ್ಚಿಯ ಮೆತ್ತೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಫೋಮು ಕಳಪೆ. ನಾಳೆ ಗುಬ್ಬಿ ಇಲ್ಲಿಗೆ ಸೇರಿದ್ಮೇಲೆ ಹೇಳಿ ಸರಿಮಾಡಿಸ್ತೀನಿ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಪ್ರವೇಶ ನೋಡಿಕೊಳ್ಳುವ ಹೆಂಗಸು ವೇದಿಕೆಗೆ ಬಂದರು. ನರೆಗೂದಲು, ದಪ್ಪ ಕನ್ನಡಕ, ಮೆತ್ತನೆ ಮಾತು. ಪ್ರಶ್ನೆ ಕೇಳಿ ಅಂದದ್ದೇ ತಡ, ಭಾವ ಎದ್ದರು.

"ಮೇಡಂ, ನನ್ನ ಮಗಳು ಬೇಸಿಗೆ ಶಿಬಿರಕ್ಕೆ ಇಲ್ಲೇ ಬಂದಿದ್ಳು. ನಿಮ್ಮ ಕಣ್ಣಿಗೆ ಬಿದ್ದಿರಬೇಕು."

ಸಭೆಯಲ್ಲಿ ಒಂದಿಬ್ಬರು ನಕ್ಕರು. ಆ ಹೆಂಗಸು ನಗಲಿಲ್ಲ.

"ಶಿಬಿರ ನಡೆಸೋರು ಬೇರೆಯೋರು ಸರ್. ರಜೇಲಿ ಖಾಲಿ ಇರೋ ಕೊಠಡಿ, ಹಾಸ್ಟೆಲ್ಲು ಅವರಿಗೆ ಬಿಟ್ಟುಕೊಡ್ತೀವಿ. ಯಾರು ಬಂದ್ರು, ಯಾರು ಹೋದ್ರು ಅಂತ ನಮ್ಮ ವಿಭಾಗಕ್ಕೆ ಗೊತ್ತೂ ಆಗಲ್ಲ."

"ಅಂದ್ರೆ... ಅದರಿಂದ ಸ್ವಲ್ಪನೂ ಅನುಕೂಲ ಇಲ್ವಾ?"

"ಕಲಿತಿದ್ದು ಎಲ್ಲೂ ಹೋಗಲ್ಲ. ಖುಷಿಯಾಗಿದ್ರೆ ಅದೂ ಲಾಭಾನೇ. ಕೆಲವು ಕಡೆ ಕಷ್ಟದ ಪರೀಕ್ಷೆ ಇಟ್ಟು, ಕೆಲವೇ ಮಕ್ಕಳನ್ನ ಆರಿಸಿ, ಪುಕ್ಕಟೆ ಕಲಿಸೋ ಶಿಬಿರ ಇವೆ, ಅದನ್ನ ನೋಡ್ತೀವಿ. ಶುಲ್ಕ ಕಟ್ಟಿ ಯಾರು ಬೇಕಾದ್ರೂ ಬರಬಹುದಾದ ಶಿಬಿರದಿಂದ ಮಗುವಿನ ಬಗ್ಗೆ ನಮಗೇನೂ ತಿಳಿಯಲ್ಲ ಸರ್. ಮನೆಯವರಿಗೆ ಕಳಿಸೋ ಶಕ್ತಿ ಇತ್ತು ಅನ್ನೋದಷ್ಟೇ ತಿಳಿಯುತ್ತೆ."

ಶಕ್ತಿ ಇತ್ತಂತೆ! ನನಗೆ ಆ ಯಂತ್ರ ಹೊತ್ತುಕೊಂಡು ಹೋದ ನಾಲ್ಕು ಜನ ಕಣ್ಣ ಮುಂದೆ ಬಂದರು. ಭಾವ ಕೂರಲಿಲ್ಲ, ನಿಂತೇ ಇದ್ದರು. ಹಿಂದಿನ ಸಾಲಿನ ಒಬ್ಬ ತಾಯಿ, ಹಾಗಾದರೆ ಮಕ್ಕಳು ರಜೆಯಲ್ಲಿ ಏನು ಮಾಡಬೇಕು ಅಂತ ಕೇಳಿದಳು.

"ಏನಾದ್ರೂ ನಿಜವಾಗಿ ಮಾಡಿರಲಿ," ಆ ಹೆಂಗಸು ಹೇಳಿದರು. "ಅಂಗಡೀಲಿ ಕೆಲಸ ಮಾಡಿದ್ರೆ ಅದನ್ನ ಬರೀಲಿ. ಮನೇಲಿ ಚಿಕ್ಕೋರನ್ನ ನೋಡ್ಕೊಂಡಿದ್ರೆ ಅದನ್ನ. ಅಪ್ಪನ ಕಸುಬಿಗೆ ಕೈ ಹಚ್ಚಿದ್ರೆ ಅದನ್ನ. ಅಂಥದ್ದನ್ನ ನಾವು ಎರಡೆರಡು ಸಲ ಓದ್ತೀವಿ."

ಗುಬ್ಬಿ ತಲೆ ತಗ್ಗಿಸಿದಳು. ನಾನು ಅವಳ ಕೈ ಹಿಡಿದೆ. ಭಾವ ಆಗ ಕೂತರು. ಕೂತವರು ಮಗಳ ಕಡೆ ತಿರುಗಲಿಲ್ಲ, ನನ್ನ ಕಡೆಯೂ ತಿರುಗಲಿಲ್ಲ. ಎಲ್ಲ ಮುಗಿದ ಮೇಲೆ ಗುಬ್ಬಿ ಒಬ್ಬಳೇ ವೇದಿಕೆಯ ಹತ್ತಿರ ಹೋಗಿ, ಬರೆದದ್ದನ್ನು ಬದಲಾಯಿಸಬಹುದಾ ಅಂತ ಕೇಳಿ ಬಂದಳು. ಕಳಿಸಿದ್ದು ಕಳಿಸಿ ಆಯಿತು, ಎಲ್ಲರಿಗೂ ಒಂದೇ ನಿಯಮ ಅಂದರಂತೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಾಜೂಕಾಗಿಯೇ ಹೇಳಿದರಂತೆ.

ಆಮೇಲಿನ ಕಾಯುವಿಕೆ ಇದೆಯಲ್ಲ, ಅದನ್ನು ಬರೆಯಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ, ಬೇರೆ ವಿಷಯ ಎತ್ತಿದರೂ ಅದೇ ನೆನಪಾಗುತ್ತಿತ್ತು. ಫಲಿತಾಂಶ ಬಂದದ್ದು ಮಧ್ಯಾಹ್ನ, ಕ್ಯಾಂಟೀನಿನಲ್ಲಿ ಡ್ರೈವರುಗಳ ಗದ್ದಲ ಜೋರಾಗಿದ್ದಾಗ. ಗುಬ್ಬಿ ಒಳಗೆ, ಅಕ್ಕಿ ಮೂಟೆಗಳ ಹತ್ತಿರ ನಿಂತು ಫೋನು ನೋಡಿದಳು. ಈ ಬಾರಿ ನಿಮಗೆ ಪ್ರವೇಶ ನೀಡಲು ಸಾಧ್ಯವಾಗುತ್ತಿಲ್ಲ. ಕಾರಣ ಇಲ್ಲ. ಕಾರಣ ಅವರು ಯಾರಿಗೂ ಹೇಳುವುದಿಲ್ಲವಂತೆ. ಅವಳು ಅಳಲಿಲ್ಲ. ಫೋನು ಜೇಬಿಗಿಟ್ಟು, "ಚಿಕ್ಕಮ್ಮ, ಲೋಟ ತೊಳೆದುಕೊಡ್ಲಾ?" ಅಂದಳು. ಶಿಬಿರಕ್ಕೆ ಬಂದಿದ್ದ ಅವಳ ಗೆಳತಿಯರಲ್ಲಿ ಒಬ್ಬಳಿಗೆ ಸಿಕ್ಕಿದೆ, ಅವಳಿಗೆ ಹೇಗಿದ್ದರೂ ಸಿಗುತ್ತಿತ್ತು ಅಂತ ಆಮೇಲೊಮ್ಮೆ ತಾನಾಗಿಯೇ ಹೇಳಿದಳು. ಮಿಕ್ಕ ಯಾರಿಗೂ ಇಲ್ಲ.

ಶೆಡ್ಡಿಗೆ ಸುದ್ದಿ ತೆಗೆದುಕೊಂಡು ಹೋದವಳು ನಾನು. ಭಾವ ಸೀಟಿಗೆ ಹೊದಿಕೆ ಎಳೆಯುತ್ತಿದ್ದರು. ಕೇಳಿಸಿಕೊಂಡು, ಎಳೆಯುವುದನ್ನು ನಿಲ್ಲಿಸದೆ, "ಹೂಂ" ಅಂದರು. ಬೈಯಲಿ ಅಂತ ಕಾದೆ. ಟೈಯನ್ನಾದರೂ ಬೈಯಲಿ, ನನ್ನನ್ನಾದರೂ ಬೈಯಲಿ. ಬೈಯಲಿಲ್ಲ. ಅಷ್ಟು ಮಾತಿನ ಮನುಷ್ಯ ಅವತ್ತಿನಿಂದ ಮೂಕರಾದರು. ಈಗ ಚಹಾಕ್ಕೆ ಬಂದರೆ ಕುಡಿದು ಲೋಟ ಇಟ್ಟು ಹೋಗುತ್ತಾರೆ. ಡ್ರೈವರುಗಳು ಕೆಣಕಿದರೂ ಬಾಯಿ ಬಿಡುವುದಿಲ್ಲ. ಅಕ್ಕ ನನ್ನನ್ನೇ ಕೇಳುತ್ತಾಳೆ, "ಅವರು ನಿನ್ನ ಹತ್ರ ಏನಾದ್ರೂ ಅಂದ್ರಾ?" ಅಂತ.

ಗುಬ್ಬಿ ಹತ್ತಿರದ ಒಂದು ಕಾಲೇಜಿಗೆ ಸೇರಿದ್ದಾಳೆ. ಅಲ್ಲಿ ಅವಳಿಗೆ ಬೇಕಾದ ಗಣಿತ ಇಲ್ಲ, ಇದ್ದದ್ದನ್ನು ಓದುತ್ತಾಳೆ. ಗೇಟಿನ ತನಕ ಬಂದರೂ ಶೆಡ್ಡಿಗೆ ಹೋಗುವುದಿಲ್ಲ. ಹೋದರೂ ಕೂರಲು ಯಂತ್ರವಿಲ್ಲ ಅನ್ನಿ. ಅಪ್ಪ ಮಗಳು ಒಂದೇ ಮನೆಯಲ್ಲಿ, ಒಂದೇ ಹೊತ್ತಿಗೆ ಉಣ್ಣುತ್ತಾರೆ. ಉಪ್ಪು ಕೊಡು, ಬಾಗಿಲು ಹಾಕು ಅನ್ನುವಷ್ಟು ಮಾತಿದೆ. ಜಗಳ ಆಗಿದ್ದರೆ ರಾಜಿ ಮಾಡಿಸಬಹುದಿತ್ತು, ಇದು ಜಗಳವೂ ಅಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ತಂದು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತೇನೆ.

ಮೊನ್ನೆ ಗುಬ್ಬಿ ಕ್ಯಾಂಟೀನಿಗೆ ಬಂದಳು. ಮೇಜಿನ ಮೇಲಿನ ಲೋಟಗಳನ್ನು ಒಂದು ಕಡೆ ಜೋಡಿಸುತ್ತಾ ಹೇಳಿದಳು: "ಚಿಕ್ಕಮ್ಮ, ಅಪ್ಪ ತನ್ನಿಂದಾನೇ ಎಲ್ಲ ಹಾಳಾಯ್ತು ಅಂದ್ಕೊಂಡಿದಾನೆ. ನೀನು ಹೇಳು ಅವನಿಗೆ. ಶೆಡ್ಡಿನ ವಿಷಯ ಬರೆದಿದ್ರೂ ನನಗೆ ಸಿಗ್ತಿರ್ಲಿಲ್ಲ. ನಾನು ಅಷ್ಟು ಬುದ್ಧಿವಂತೆ ಅಲ್ಲ. ಹಾಗಂತ ಹೇಳು."

ಅವಳು ಹೋದ ಸ್ವಲ್ಪ ಹೊತ್ತಿಗೆ ಭಾವ ಬಂದರು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟರು. "ಆ ಹುಡುಗಿ ತಾನು ದಡ್ಡಿ ಅಂದ್ಕೊಂಡ್ಬಿಟ್ಟಿದಾಳಮ್ಮ. ನಾನು ಹೇಳಿದ್ರೆ ಕೇಳಲ್ಲ, ನೀನು ಹೇಳು. ಅವಳು ಮೊದಲು ಬರೆದಿದ್ದನ್ನೇ ಕಳಿಸಿದ್ರೆ ಖಂಡಿತ ಸಿಗ್ತಿತ್ತು. ಕೆಡಿಸಿದ್ದು ನಾನು. ಹಾಗಂತ ಹೇಳು."

ಹೂಂ ಅಂತ ಇಬ್ಬರಿಗೂ ಅಂದಿದ್ದೇನೆ. ಇವಳ ಮಾತನ್ನು ಅವರಿಗೆ ಹೇಳಿದರೆ ಅವರ ಮಗಳು ಸಾಮಾನ್ಯಳು ಅಂತ ನಾನೇ ಹೇಳಿದ ಹಾಗೆ. ಅವರ ಮಾತನ್ನು ಇವಳಿಗೆ ಹೇಳಿದರೆ ನಿನ್ನ ಬದುಕು ಕೆಡಿಸಿದ್ದು ನಿನ್ನ ಅಪ್ಪ ಅಂತ ಹೇಳಿದ ಹಾಗೆ. ಯಾವುದು ನಿಜ ಅಂತ ದಿಬ್ಬದ ಮೇಲಿನವರಿಗೆ ಮಾತ್ರ ಗೊತ್ತು, ಅವರು ಕಾರಣ ಹೇಳುವುದಿಲ್ಲ. ದಿನಾ ಇಬ್ಬರೂ ಬರುತ್ತಾರೆ, ಬೇರೆ ಬೇರೆ ಹೊತ್ತಿಗೆ. ಬಂದವರೇ ನನ್ನ ಮುಖ ನೋಡುತ್ತಾರೆ. "ಹೇಳಿದ್ಯಾ?" ಅಂತ ಕೇಳುತ್ತಾರೆ.